ಬರಿಗೈಲಿ ಹೋದವರು

ಅಪ್ಪನ ತಂಗಿಯನ್ನು ನೆಂಟರೆಲ್ಲ ಮೊಂಡಿ ಎನ್ನುತ್ತಾರೆ. ನನಗೆ ಅತ್ತೆ. ಮೊಂಡಿ ಎಂಬ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಹಟ ಹಿಡಿಯದಿದ್ದರೆ ನಮ್ಮ ಚಪ್ಪಲಿ ಅಂಗಡಿಯಲ್ಲಿ ಇಷ್ಟು ಹೊತ್ತಿಗೆ ಯಾರೋ ಮೊಬೈಲ್ ಮಾರುತ್ತಿದ್ದರು.

ಅಂಗಡಿ ತಾತ ಕಟ್ಟಿದ್ದು. ಗಲ್ಲಾದಲ್ಲಿ ಅಪ್ಪ, ಗಂಡಸರ ವಿಭಾಗದಲ್ಲಿ ನಾನು, ಹೆಂಗಸರ ವಿಭಾಗದಲ್ಲಿ ಅತ್ತೆ. ಮದುವೆಯೇ ಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದ ಅವರಿಗೆ ಅಂಗಡಿಯೇ ಸರ್ವಸ್ವ. ವ್ಯಾಪಾರ ನೆಲಕಚ್ಚಿದಾಗ ಅಪ್ಪ ಊಟಕ್ಕೆ ಕೂತಲ್ಲೇ ತೀರ್ಮಾನ ಹೇಳಿಬಿಟ್ಟರು. "ಮೊಬೈಲ್‌ನವ್ರಿಗೆ ಬಾಡಿಗೆಗೆ ಕೊಡೋಣ. ನೀನು ಮನೇಲಿ ಆರಾಮಾಗಿರು."

"ಆರಾಮಾಗಿರೋಕೆ ನನಗೇನು ಕಾಯಿಲೆನಾ?" ಎಂದರು ಅತ್ತೆ. "ಜನ ಯಾಕೆ ಬರ್ತಿಲ್ಲ ಗೊತ್ತಾ ನಿನಗೆ?"

"ಕಾಲ ಕೆಟ್ಟಿದೆ."

"ಕಾಲ ಅಲ್ಲ, ನಿನ್ನ ಬಾಯಿ."

ಅದು ನಿಜ. ಗಿರಾಕಿ ಏನೂ ಕೊಳ್ಳದೆ ಹೊರಟರೆ, ಎದುರಿಗಿದ್ದ ಕೆಲಸದವರಿಗೆ ಅಪ್ಪ ಮಂಗಳಾರತಿ ಎತ್ತುತ್ತಿದ್ದರು. ಅದಕ್ಕೆ ಅವರೂ ಒಂದು ಉಪಾಯ ಕಂಡುಕೊಂಡಿದ್ದರು. ಕೊಳ್ಳುವ ಲಕ್ಷಣ ಕಾಣದವರು ಒಳಗೆ ಕಾಲಿಟ್ಟರೆ ತಕ್ಷಣ ಏಣಿ ಹತ್ತಿ ಡಬ್ಬ ಒರೆಸುವುದು. ಗಿರಾಕಿಯ ಹತ್ತಿರವೇ ಹೋಗದಿದ್ದರೆ ಬೈಗುಳವೂ ಇಲ್ಲ. ಈ ವಿದ್ಯೆಯಲ್ಲಿ ಪಳಗಿದ ಹಿರಿಯರೊಬ್ಬರಿಗೆ ಏಣಿ ಮಾಮ ಎಂದೇ ಹೆಸರು ಬಿದ್ದಿತ್ತು. ನಮ್ಮ ಡಬ್ಬಗಳು ಆಗ ಫಳಫಳ ಹೊಳೆಯುತ್ತಿದ್ದವು.

ಅತ್ತೆ ಜಗಳವಾಡಿ ವರ್ಷದ ಕೊನೆಯವರೆಗೆ ಗಡುವು ಪಡೆದರು. ಮರುದಿನ ಸಂಜೆ ಶಟರ್ ಎಳೆಯುವ ಮುಂಚೆ ಎಲ್ಲರನ್ನೂ ನಿಲ್ಲಿಸಿದರು. "ಇವತ್ತು ಯಾರು ಬರಿಗೈಲಿ ಹೋದ್ರು, ಯಾಕೆ ಹೋದ್ರು, ಒಬ್ಬೊಬ್ರೇ ಹೇಳಿ. ಯಾರೂ ಬೈಯೋ ಹಾಗಿಲ್ಲ."

ಎಲ್ಲರೂ ಅಪ್ಪನ ಮುಖ ನೋಡಿದರು. ಅತ್ತೆ ತಾವೇ ಶುರು ಮಾಡಿದರು. "ನನ್ನಿಂದ ಒಬ್ಳು ಹುಡುಗಿ ಹೋದ್ಲು. ಚಪ್ಪಲಿ ಕಚ್ಚುತ್ತೆ ಅಂದ್ಲು. ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಅಂತ ಬುರುಡೆ ಬಿಟ್ಟೆ. ನಂಬಲಿಲ್ಲ."

ಯಾರೋ ಕಿಸಕ್ಕೆಂದರು. ಏಣಿ ಮಾಮ ಗಂಟಲು ಸರಿಮಾಡಿಕೊಂಡರು. "ವಯಸ್ಸಾದವ್ರೊಬ್ರು ಬಂದಿದ್ರು. ಕೂತು ಹಾಕಿ ನೋಡೋಕೆ ಜಾಗ ಇಲ್ಲ ಅಂತ ಹೋದ್ರು. ದಿನಾ ಹಾಗೆ ಹೋಗ್ತಾನೇ ಇರ್ತಾರೆ."

ಜನ ಸುಮ್ಮನೆ ಕೂತು ಹರಟುತ್ತಾರೆಂದು ಬೆಂಚು ತೆಗೆಸಿದ್ದು ಅಪ್ಪನೇ. "ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?" ಎಂದು ಗುಡುಗಿದರು.

ಅತ್ತೆ ಅಡ್ಡ ನಿಂತರು. "ಇದಕ್ಕೇ ಹೇಳ್ಲಿಲ್ಲ. ಬೈಯೋದಾದ್ರೆ ನನ್ನ ಬೈ ಅಣ್ಣ. ಅವ್ರಿಗೆ ಒಂದು ಮಾತು ಅಂದ್ರೆ ನಾಳೆಯಿಂದ ನಾನೂ ಏಣಿ ಹತ್ತೀನಿ."

ಅಪ್ಪ ಮುಖ ಊದಿಸಿಕೊಂಡು ಹೊರಟುಹೋದರು. ಬೆಂಚನ್ನು ಅತ್ತೆ ಬೆಳಿಗ್ಗೆಯೇ ತರಿಸಿ ಹಾಕಿದರು. ಆಮೇಲೆ ದಿನಾ ಸಂಜೆ ಬಂದ ಮಾತುಗಳೇನೂ ಸಿಹಿಯಾಗಿರಲಿಲ್ಲ. ಅತ್ತೆ ಇಷ್ಟಪಟ್ಟು ತರಿಸಿದ್ದ ಹೈಹೀಲ್ಸ್ ಯಾರಿಗೂ ಬೇಡವಾಗಿತ್ತು. ಅದನ್ನು ಹಲ್ಲು ಕಚ್ಚಿಕೊಂಡು ಕೇಳಿದರು, ತರಿಸುವುದನ್ನು ನಿಲ್ಲಿಸಿದರು. ವ್ಯಾಪಾರ ರಾತ್ರೋರಾತ್ರಿ ಚಿಗುರಲಿಲ್ಲ, ಆದರೆ ಡಬ್ಬಗಳ ಮೇಲೆ ಧೂಳು ಕೂರತೊಡಗಿತು. ಅಪ್ಪ ಗಲ್ಲಾದಲ್ಲಿ ಪೇಪರ್ ಓದುವ ನೆಪದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ವರ್ಷದ ಕೊನೆಗೆ ಮೊಬೈಲ್‌ನವರು ಕರಾರುಪತ್ರ ಹಿಡಿದು ಬಂದರು. ಅಪ್ಪ ಅವರನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಅತ್ತೆ ಗಿರಾಕಿಯೊಬ್ಬರಿಗೆ ಚಪ್ಪಲಿ ತೊಡಿಸುತ್ತಿದ್ದರು. ನನಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂದಿತ್ತು. ಬಂದವರು ಹೊರಟ ಮೇಲೆ ಅಪ್ಪ ಗಲ್ಲಾದಲ್ಲಿ ಕೂತು ಮತ್ತೆ ಪೇಪರ್ ಬಿಡಿಸಿದರು.

ಸಂಜೆ ಎಂದಿನಂತೆ ಎಲ್ಲರೂ ನಿಂತೆವು. ಅಪ್ಪ ಮೊದಲ ಸಲ ಗಲ್ಲಾ ಬಿಟ್ಟು ಎದ್ದು ಬಂದು ಏಣಿ ಮಾಮನ ಪಕ್ಕದಲ್ಲಿ ನಿಂತರು.

"ಇವತ್ತು ನನ್ನಿಂದಲೂ ಒಬ್ರು ಬರಿಗೈಲಿ ಹೋದ್ರು," ಎಂದರು. "ಅಂಗಡಿ ಬೇಕು ಅಂದ್ರು. ಅದು ನಮಗೇ ಬೇಕು ಅಂದೆ."