ನಿದ್ದೆ ಎಂದು ಬರೆದ ಕಲ್ಲು

ಕಮಲಾಪುರದ ಶಾಲೆಯಲ್ಲಿ ನನ್ನ ಹತ್ತಿರ ಕನ್ನಡ ಕಲಿತವನೊಬ್ಬ ಸೈನ್ಯಕ್ಕೆ ಸೇರಿ, ಗಡಿಯಲ್ಲಿ ಶೆಲ್ ಬಿದ್ದು ಸತ್ತ. ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಊರಿಗೆ ಬಂದ. ಸೈನ್ಯದವರು ಅದನ್ನು ತೆರೆಯಲು ಯಾರನ್ನೂ ಬಿಡಲಿಲ್ಲ. ಮಣ್ಣಾದ ತಿಂಗಳಿಗೆ ಅವನ ತಂದೆ ಕಲಬುರಗಿಯ ಬ್ರಹ್ಮಪುರದ ನನ್ನ ಮನೆಗೆ ಬಂದರು.

"ಸರ, ಸಮಾಧಿ ಕಲ್ಲಿಗಿ ನಾಕು ಸಾಲು ಬರ್ದು ಕೊಡ್ರಿ. ನಿಮ್ಮ ಕೈಲೇ ಆಗಬೇಕು."

ಅಂದೇ ಕುಳಿತು ಬರೆದೆ. ತಾಯ್ನೆಲದ ಮಡಿಲಲ್ಲಿ ಮಗುವಿನಂತೆ ನಿದ್ದೆಹೋದ ವೀರ ಎಂದು, ಪ್ರಾಸ ಕೂಡಿಸಿ. ನನಗೇ ಅದು ಬಹಳ ಹಿಡಿಸಿತ್ತು.

ಕಲ್ಲು ನಿಲ್ಲಿಸುವ ದಿನ ಸ್ಮಶಾನದಲ್ಲಿ ಊರೇ ನೆರೆದಿತ್ತು. ಹೊದಿಸಿದ ಬಟ್ಟೆ ತೆಗೆದಾಗ ಅವನ ಹೆಂಡತಿ ಪದ್ಯವನ್ನು ಗಟ್ಟಿಯಾಗಿ ಓದಿದಳು. 'ನಿದ್ದೆ' ಎಂಬಲ್ಲಿ ನಿಂತಳು. ಪಕ್ಕದಲ್ಲಿದ್ದ ಗೌಂಡಿಯ ಸುತ್ತಿಗೆ ಎತ್ತಿಕೊಂಡು ಕಲ್ಲಿಗೆ ಬೀಸಿದಳು. ಮೂರನೇ ಏಟಿಗೆ ಸಿಡಿದ ಚೂರು ನನ್ನ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯಿತು.

ಸತ್ತವನ ತಮ್ಮ ಅವಳ ತುರುಬು ಹಿಡಿದು ನೆಲಕ್ಕೆ ಕೆಡವಿದ. "ಅಣ್ಣನ ಕಲ್ಲು ಒಡೀತಿ ಏನ?" ಎಂದು ಕಪಾಳಕ್ಕೆ ಬಾರಿಸಿದ, ಹೊಟ್ಟೆಗೆ ಒದ್ದ. ಯಾರೂ ತಡೆಯಲಿಲ್ಲ. ನಾನೂ ಹುಬ್ಬು ಒತ್ತಿಕೊಂಡು ನಿಂತೇ ಇದ್ದೆ. ಇವತ್ತಿಗೂ ಅದಕ್ಕೆ ನಾಚುತ್ತೇನೆ. ಕೊನೆಗೆ ತಂದೆಯೇ ಮಗನ ಎದೆಗೆ ಗುದ್ದಿ ಹಿಂದಕ್ಕೆ ತಳ್ಳಿದರು.

ಅವಳು ಬಾಯಿಯ ರಕ್ತ ಉಗುಳಿ ನನ್ನ ಕಡೆ ತಿರುಗಿದಳು.

"ನಿದ್ದಿ ಅಂತ ಬರ್ದೀರಲ್ರೀ ಸರ? ಅವರ ಎರಡೂ ಕಾಲು ಹಾರಿ ಹೋಗಿದ್ವು. ಸಂಗಾಟ ಬಿದ್ದಿದ್ದ ಗೆಳೆಯ ಫೋನ್ ಮಾಡಿ ಹೇಳ್ಯಾನ. ಒಂದು ತಾಸು ನೀರು, ನೀರು ಅಂತ ಒದರ್ಯಾರಂತ. ಆ ಗೆಳೆಯನಿಗೂ ಏಳಾಕ ಆಗಿಲ್ಲ. ಅದನ್ನ ಬರೀರಿ."

ತಂದೆ ಈ ಮಾತನ್ನು ಅಲ್ಲಿಯ ತನಕ ಕೇಳಿರಲಿಲ್ಲ. ಸಮಾಧಿಯ ಮೇಲೇ ಕುಸಿದು ಕುಳಿತರು.

ಕಲಬುರಗಿಯ ಆಸ್ಪತ್ರೆಯಲ್ಲಿ ನನಗೆ ನಾಲ್ಕು ಹೊಲಿಗೆ ಬಿದ್ದವು. ಆ ವಾರ ಬರೆದುದನ್ನೆಲ್ಲ ಹರಿದು ಹಾಕಿದೆ. ಉಳಿದದ್ದು ಎರಡೇ ಸಾಲು. ತಂದೆಗೆ ಓದಿ ಹೇಳಿದೆ. ಅವರು, "ಆ ಹೊತ್ತಿನ್ಯಾಗ ನಾವು ಉಣ್ಣಾಕತ್ತಿದ್ವಿ ಸರ. ಅದೂ ಹಾಕ್ರಿ" ಅಂದರು.

ಹೊಸ ಕಲ್ಲಿನ ಮೇಲೆ ಈಗ ಹೀಗಿದೆ:

ಕಾಲಿಲ್ಲದೆ ಬಿದ್ದವನು ಒಂದು ತಾಸು ನೀರು ಕೇಳಿದ.
ಕೇಳಿಸಿಕೊಂಡವನಿಗೂ ಏಳಲಾಗಲಿಲ್ಲ.
ನಾವು ಮನೆಯಲ್ಲಿ ಊಟ ಮಾಡುತ್ತಿದ್ದೆವು.

ವೀರನ ಕಲ್ಲಿಗೆ ಇಂಥ ಮಾತು ಶೋಭೆಯಲ್ಲ ಎಂದು ಊರಲ್ಲಿ ಕೆಲವರು ಮುನಿಸಿಕೊಂಡರು. ಸತ್ತವನ ತಮ್ಮ ಸ್ಮಶಾನದ ಕಡೆ ಕಾಲಿಟ್ಟಿಲ್ಲ. ಕೈಮಾಡಿದ ಮೈದುನನಿದ್ದ ಮನೆಯಲ್ಲಿ ಸೊಸೆ ಇರುವುದು ಬೇಡವೆಂದು ಮಾವನೇ ಅವಳನ್ನು ಕಲಬುರಗಿಗೆ ಕರೆತಂದು, ಮೋಮಿನಪುರದ ಹತ್ತಿರ ಒಂದು ಕೋಣೆ ಹಿಡಿದುಕೊಟ್ಟರು.