ಶೇಷಪ್ಪನ ಕಾಡು ಡೇರೆ

ಪುತ್ತಿಗೆಯ ದಮಯಂತಿಗೆ ಗಂಡನ ಹೂವಿನ ಹುಚ್ಚು ಕಂಡರೆ ಮೈ ಉರಿಯುತ್ತಿತ್ತು. ಅವಳು ಬೀಡಿ ಕಟ್ಟಿ ಬೆರಳು ಸವೆಸುತ್ತಿದ್ದರೆ, ಆ ಮನುಷ್ಯ ಘಟ್ಟದ ಮೇಲಿನ ಬಂಗಲೆಯೊಂದರಲ್ಲಿ ಹನ್ನೆರಡು ವರ್ಷ ಮಾಲಿಯಾಗಿದ್ದು, ತೊಂಬತ್ತನಾಲ್ಕರಲ್ಲಿ ಕೆಲಸ ಬಿಟ್ಟು ಬರುವಾಗ ತಂದದ್ದು ಒಂದು ಟ್ರಂಕು ಮತ್ತು ಅರ್ಧ ಗೋಣಿ ಗೆಡ್ಡೆ. ಗೆಣಸೆಂದು ತಿಳಿದು ಅವಳು ಒಲೆಯ ಮೇಲೆ ನೀರಿಟ್ಟೇ ಬಿಟ್ಟಿದ್ದಳು.

"ಅಯ್ಯೋ ಮಾರಾಯ್ತಿ, ಬೇಯಿಸ್ಬೇಡ! ಇದು ಕಾಡು ಡೇರೆಯ ಕೆರೆಂಗ್" ಎಂದು ಶೇಷಪ್ಪ ಓಡಿ ಬಂದ. ತುಳುವರ ಬಾಯಲ್ಲಿ ಗೆಣಸೂ ಕೆರೆಂಗೇ, ನೆಲದೊಳಗೆ ಊದಿಕೊಳ್ಳುವ ಬೇರೆ ಗೆಡ್ಡೆಯೂ ಕೆರೆಂಗೇ. ಆ ಒಂದು ಮಾತೇ ಮುಂದೆ ಅವಳಿಗೆ ಮುಳುವಾಯಿತು.

ಡೇಲಿಯಾ ಎಂದು ಮಾರುವ ಪೇಟೆಯ ಡೇರೆಗಳಂತೆ ಮುಷ್ಟಿಗಾತ್ರದ ಹೂವಲ್ಲ ಅದು. ಎಂಟೇ ಎಸಳು, ಕೆಂಡದ ಬಣ್ಣ, ನಡುವೆ ಹಳದಿ. ಮುಡಿದರೆ ಗಂಟೆಯೊಳಗೆ ಬಾಡುವ ಜಾತಿ. ಶೇಷಪ್ಪನಿಗಾದರೋ ಉಳಿದ ಡೇರೆಗಳೆಲ್ಲ ಅದರ ಮೊಮ್ಮಕ್ಕಳು. ಮಳೆಗಾಲ ಪೂರ್ತಿ ಗೆಡ್ಡೆಗಳನ್ನು ಒಣ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತಿಡುತ್ತಿದ್ದ. ನವರಾತ್ರಿ ಕಳೆದ ಮೇಲೆ ನೀರು ನಿಲ್ಲದ ದಿಬ್ಬದಲ್ಲಿ ಅರ್ಧ ಗೇಣು ಆಳಕ್ಕೆ ನೆಟ್ಟು, ಮೊಳಕೆ ಕಾಣುವ ತನಕ ನೀರನ್ನು ಚಿಮುಕಿಸುವುದಷ್ಟೇ. ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ ಕೋಲು ಕಟ್ಟುತ್ತಿದ್ದ. ಜನವರಿಗೆ ಆಳೆತ್ತರದ ಗಿಡದ ತುಂಬ ಹೂ.

"ನನ್ನ ತಲೆನೋವು ವಿಚಾರಿಸ್ಲಿಕ್ಕೆ ಪುರುಸೊತ್ತಿಲ್ಲ, ಅದಕ್ಕೆ ಕೋಲು ಕಟ್ಲಿಕ್ಕೆ ಪುರುಸೊತ್ತು ಉಂಟು" ಎಂದು ದಮಯಂತಿ ವರ್ಷವೂ ಗೊಣಗುತ್ತಿದ್ದಳು.

ಎರಡು ಸಾವಿರದ ಎರಡರ ಆಟಿ ತಿಂಗಳ ಮಳೆಯಲ್ಲಿ ಶೇಷಪ್ಪ ಕಾಮಾಲೆಯಿಂದ ತೀರಿಕೊಂಡ. ಗೆಡ್ಡೆಗಳು ಹೊಯ್ಗೆಯೊಳಗೇ ಇದ್ದವು. ನವರಾತ್ರಿ ಮುಗಿದಾಗ ದಮಯಂತಿ ಅವನ್ನು ತಾನೇ ನೆಟ್ಟಳು. ಬೇಲಿಯಾಚೆ ನಿಂತು ಆಶ್ಚರ್ಯದಿಂದ ನೋಡಿದ ನೆರೆಮನೆಯ ಬೀಬಿಗೆ, "ಅವರದ್ದು ಅಂತ ಉಳಿದದ್ದು ಇದೊಂದೇ. ಇದು ಹೋದ್ರೆ ಅವರು ಪೂರ್ತಿ ಹೋದ ಹಾಗೆ" ಅಂದಳು. ಬದುಕಿದ್ದಾಗ ಗಂಡನಿಗೆ ಒಂದು ಒಳ್ಳೆಯ ಮಾತು ಹೇಳದವಳು ಆ ಗಿಡದ ಮುಂದೆ ಕುಳಿತು ಗಂಟೆಗಟ್ಟಲೆ ಮಾತಾಡಿದಳು. ಹೇಳಬೇಕಾದಾಗ ಹೇಳಲಿಲ್ಲವೆಂಬ ಸಂಕಟ ಅವಳಿಗಿತ್ತು.

ಮಾರ್ಚಿನಲ್ಲಿ ಗಿಡ ಒಣಗಿತು. ಅಗೆದಾಗ ಒಂದೊಂದು ಬುಡಕ್ಕೂ ಹತ್ತು ಹನ್ನೆರಡು ಗೆಡ್ಡೆ ಅಂಟಿಕೊಂಡಿದ್ದವು. ಮೇಲೆ ಮಣ್ಣು ಮೆತ್ತಿದ ಒಣ ದಂಟು. ಗೆಣಸನ್ನು ತೆಗೆದಿಡುವ ಮೊದಲು ತೊಟ್ಟು ಮುರಿದು ಚೊಕ್ಕ ಮಾಡುವುದು ಅವಳ ಅಮ್ಮ ಕಲಿಸಿದ ಕ್ರಮ. ಕೆರೆಂಗ್ ಅಂದ ಮೇಲೆ ಕೆರೆಂಗ್ ತಾನೇ! ಒಂದೊಂದನ್ನೂ ಕುತ್ತಿಗೆಯಲ್ಲಿ ಮುರಿದು, ಒರೆಸಿ, ದಂಟನ್ನೆಲ್ಲ ಬಚ್ಚಲೊಲೆಗೆ ಹಾಕಿದಳು. ನಾಲ್ಕು ಗೆಡ್ಡೆಗಳನ್ನು ಬೀಬಿಗೂ ಕೊಟ್ಟಳು.

ಆ ವರ್ಷ ನೆಟ್ಟದ್ದು ದೀಪಾವಳಿ ಕಳೆದರೂ ಮೊಳೆಯಲಿಲ್ಲ. ಬೀಬಿಯ ಅಂಗಳದಲ್ಲೂ ಇಲ್ಲ. ತಡೆಯಲಾರದೆ ಒಂದನ್ನು ಕಿತ್ತು ನೋಡಿದಳು. ಕೊಳೆತಿರಲಿಲ್ಲ, ಬಿಳಿ ಬೇರು ಕೂಡ ಬಿಟ್ಟಿತ್ತು. ಜೀವ ಉಂಟೆಂದು ಹಿಗ್ಗಿ, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂಡುಬಿದಿರೆಯಲ್ಲಿ ನರ್ಸರಿ ಇಟ್ಟಿದ್ದ, ಎಲ್ಲರೂ ವಹಾಬಾಕ ಎನ್ನುವ ಅಬ್ದುಲ್ ವಹಾಬನಲ್ಲಿಗೆ ಬಸ್ಸು ಹತ್ತಿದಳು.

ವಹಾಬ್ ಗೆಡ್ಡೆಯನ್ನು ತಿರುಗಿಸಿ ನೋಡಿದ. "ದಂಟು ಎಲ್ಲಿ ಅಕ್ಕ?"

"ಒಲೆಗೆ ಹಾಕಿದೆ. ಎಂತಕ್ಕೆ?"

"ಇದು ಗೆಣಸಿನ ಹಾಗೆ ಅಲ್ಲ. ಡೇರೆ ಮೊಳೆಯುವ ಕಣ್ಣು ಇರುವುದು ದಂಟು ಸೇರುವ ಕುತ್ತಿಗೆಯಲ್ಲಿ ಮಾತ್ರ. ಅದು ಹೋದ ಮೇಲೆ ಬೇರು ಬಿಡ್ತದೆ, ಸ್ವಲ್ಪ ದಿನ ಬದುಕಿಯೂ ಇರ್ತದೆ. ಮೇಲೆ ಬರುವುದಿಲ್ಲ."

ದಮಯಂತಿಯ ಕಣ್ಣು ತುಂಬಿದ್ದು ಕಂಡು ಅವನೇ ಮುಂದುವರಿಸಿದ: "ಬೇಜಾರು ಮಾಡ್ಬೇಡಿ. ಕಾಡು ಜಾತಿ ಅಲ್ವಾ, ಬೀಜದಿಂದ ಚಂದ ಬರ್ತದೆ. ಗಿಡದಲ್ಲೇ ಒಣಗಿದ ಹೂ ಒಂದೆರಡು ತೆಗೆದಿಟ್ಟಿದ್ದೀರಲ್ಲ?"

ಒಂದು ಹೂವನ್ನೂ ಅವಳು ಗಿಡದಲ್ಲಿ ಒಣಗಲು ಬಿಟ್ಟಿರಲಿಲ್ಲ. ಅರಳಿದ್ದನ್ನೆಲ್ಲ ಬೆಳಗಾಗುತ್ತಲೇ ಕೊಯ್ದು ಶೇಷಪ್ಪನ ಪಟಕ್ಕೆ ಇಟ್ಟಿದ್ದಳು. ಕಡೆಗೆ ಉಳಿದ ಒಂದೇ ಒಂದು ಮೊಗ್ಗನ್ನು ಸಹ, ಅರ್ಧ ಬಿರಿದದ್ದೇ ತಡ, ಚಿವುಟಿ ತಂದಿದ್ದಳು.

"ಎಲ್ಲ ಅವರಿಗೇ ಕೊಟ್ಟೆ, ವಹಾಬಾಕ" ಅಂದಳು.