ಅಕ್ಕನ ಗಂಟಲು, ಹಲೋಚೆಕ್‌ನ ಕೆಂಪು ದೀಪ

ಅವನ ನಿಜವಾದ ಹೆಸರು ನೆನಪಿದ್ದವಳು ಒಬ್ಬಳೇ, ಅವನ ಅಕ್ಕ. ಅವಳೂ ಅದನ್ನು ಬಳಸುತ್ತಿರಲಿಲ್ಲ. ಉಳಿದವರಿಗೆಲ್ಲ ಅವನು ಹಲೋಚೆಕ್. ಮದುವೆ, ಸಭೆ, ಓಟದ ಪಂದ್ಯ, ಚುನಾವಣೆಯ ಭಾಷಣ, ಹೀಗೆ ಎಲ್ಲಿ ನಾಲ್ಕು ಜನ ಸೇರಿ ಐದನೆಯವನ ಮಾತು ಕೇಳಬೇಕೋ ಅಲ್ಲಿಗೆ ಮೈಕ್‌ಸೆಟ್ ಹಾಕುವವನು ಅವನೇ. ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿ, ಮೈಕಿನ ತಲೆಗೆ ಎರಡು ತಟ್ಟಿ, 'ಉಫ್' ಎಂದು ಊದಿ, 'ಹಲೋ, ಚೆಕ್' ಎಂದು ಘೋಷಿಸಿ ಇಳಿದುಬಿಡುತ್ತಿದ್ದ. ಸಾರ್ವಜನಿಕ ಜೀವನದಲ್ಲಿ ಅವನು ಆಡಿದ ಮಾತು ಅಷ್ಟೇ. ಆದರೆ ಅಷ್ಟನ್ನೇ ಅವನಷ್ಟು ಸಲ ಆಡಿದ ಭಾಷಣಕಾರ ಭೂಮಂಡಲದಲ್ಲಿ ಇನ್ನೊಬ್ಬ ಇರಲಾರ. ಮನೆಯಲ್ಲಿ ಅಷ್ಟೂ ಇಲ್ಲ. ಅದಕ್ಕೇ ಅಕ್ಕ ಅವನನ್ನು ಮೂಗ ಎಂದು ಕರೆಯುತ್ತಿದ್ದಳು.

ಆ ಮನೆಗೆ ಬಂದ ಮಾತಿನ ಪಾಲನ್ನೆಲ್ಲ ಮೊದಲು ಹುಟ್ಟಿದ ಅಕ್ಕನೇ ಹೊಡೆದುಕೊಂಡಿದ್ದಳು. ಅವಳದು ಹಿಟ್ಟಿನ ಗಿರಣಿ. ಬೆಲ್ಟು ಪಟಪಟನೆ ಬಡಿಯುತ್ತ, ಕಲ್ಲು ಗುರುಗುಡುತ್ತ ಇರುವಾಗ ಅದರ ಮೇಲೆ ತನ್ನ ದನಿಯನ್ನು ಹತ್ತಿಸಿ ಕೂರಿಸಿ ಅವಳಿಗೆ ರೂಢಿ. 'ಕೆಂಪು ಚೀಲ ಯಾರದ್ರೀ?' ಎಂದು ಅವಳು ಕೇಳಿದರೆ ಎರಡು ಬೀದಿಯಾಚೆ ಕೆಂಪು ಚೀಲ ಹಿಡಿದು ಹೋಗುತ್ತಿದ್ದವನು ನಿಂತು ತಿರುಗಿ ನೋಡುತ್ತಿದ್ದ. 'ಮನೇಲಿ ಅಕ್ಕ ಇರೋವಾಗ ನಿನಗೆ ಮೈಕ್‌ಸೆಟ್ ಯಾಕಪ್ಪಾ?' ಎಂದು ಜನ ಹಲೋಚೆಕ್‌ನನ್ನು ಕೆಣಕುವುದು ಹಳೆಯ ಪದ್ಧತಿ.

ಈಗ ಆ ಗಂಟಲಿನಲ್ಲೇ ಗಂಟು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ತೆಗೆದ ಮೇಲೆ ಜೀವ ಇರುತ್ತದೆ, ದನಿ ಇರುವುದಿಲ್ಲ. ಅಲ್ಲಿದ್ದ ಮಾತಿನ ಡಾಕ್ಟರಮ್ಮ ಒಂದು ಉಪಾಯ ಸೂಚಿಸಿದ್ದರು: ಮೊದಲೇ ಒಂದಷ್ಟು ವಾಕ್ಯ ಓದಿ ರೆಕಾರ್ಡು ಮಾಡಿಟ್ಟರೆ, ಅದರಿಂದ ಮೊಬೈಲಿಗೆ ಅಕ್ಕನ ದನಿ ಕಲಿಸಬಹುದು, ಮುಂದೆ ಅವಳು ಏನು ಟೈಪು ಮಾಡಿದರೂ ಮೊಬೈಲು ಅವಳ ದನಿಯಲ್ಲೇ ಆಡುತ್ತದೆ.

'ಡಬ್ಬಿ ಕೈಲಿ ಮಾತಾಡಿಸಿಕೊಳ್ಳೋ ಗತಿ ನನಗೆ ಬಂದಿಲ್ಲ' ಎಂದು ಅಕ್ಕ ವಾರಗಟ್ಟಲೆ ಹಟ ಹಿಡಿದಳು. ಕೊನೆಗೆ ಡಾಕ್ಟರಮ್ಮ ಮೊಬೈಲಿನಲ್ಲಿ ಮೊದಲೇ ಇರುವ ಹೆಂಗಸಿನ ದನಿ ಕೇಳಿಸಿದರು. ಅದು 'ದಯವಿಟ್ಟು ಸಾಲಿನಲ್ಲಿ ನಿಲ್ಲಿ' ಎಂದು ಮೆಲ್ಲಗೆ ಉಲಿಯಿತು. ಅಕ್ಕ ಕಣ್ಣು ಕೆಕ್ಕರಿಸಿದಳು. 'ಈ ಬೆಣ್ಣೆಬೊಂಬೆ ನನ್ನ ಗಿರಣೀಲಿ ನಿಂತು ಮಾತಾಡೋದಾ? ಹಿಟ್ಟಿನ ಜೊತೆ ಇವಳನ್ನೂ ಬೀಸಿಬಿಡ್ತಾರೆ. ನಡೀರಿ, ಓದ್ತೀನಿ!'

ಅವಳು ಒಪ್ಪುವ ಹೊತ್ತಿಗೆ ಉಳಿದದ್ದು ಒಂದೇ ಹಗಲು. ಮರುದಿನ ಬೆಳಿಗ್ಗೆ ಆಸ್ಪತ್ರೆ ಸೇರಬೇಕು. ಅದರಲ್ಲೂ ಅವಳ ದನಿ ಬೆಳಿಗ್ಗೆ ಒಂದಿಷ್ಟು ಹೊತ್ತು ನೆಟ್ಟಗಿದ್ದು, ಮಧ್ಯಾಹ್ನದ ಹೊತ್ತಿಗೆ ಜಲ್ಲಿಕಲ್ಲಾಗುತ್ತಿತ್ತು. ಇಂಥ ಮಹಾಕಾರ್ಯಕ್ಕೆ ಸೇನಾಪತಿಯಾಗಿ ನೇಮಕಗೊಂಡವನು ಹಲೋಚೆಕ್.

ಡಾಕ್ಟರಮ್ಮ ಕೊಟ್ಟ ಡಬ್ಬಿ ಎರಡು ಸಾಬೂನು ಪಕ್ಕಪಕ್ಕ ಇಟ್ಟಷ್ಟಿತ್ತು. ಆಡಿಯೋ ಇಂಟರ್‌ಫೇಸ್ ಅಂತೆ. ಒಂದು ಬದಿಗೆ ಮೈಕಿನ ದಪ್ಪ ವೈರು ಚುಚ್ಚಬೇಕು, ಇನ್ನೊಂದು ಬದಿಯಿಂದ ಸಣ್ಣ ವೈರು ಲ್ಯಾಪ್‌ಟಾಪಿಗೆ ಹೋಗುತ್ತದೆ. ಬಾಯಿಂದ ಹೊರಟ ಮಾತು ಈ ಡಬ್ಬಿಯೊಳಗೆ ಅಂಕಿಯಾಗಿ ಬದಲಾಗಿ ಕಂಪ್ಯೂಟರಿನಲ್ಲಿ ಹೋಗಿ ಕೂರುತ್ತದೆ. ಹಲೋಚೆಕ್ ಅದನ್ನು ಅಂಗೈಯಲ್ಲಿಟ್ಟು ತೂಗಿದ. ಅವನ ಆಂಪ್ಲಿಫೈಯರ್ ಎತ್ತಲು ಇಬ್ಬರು ಬೇಕು. ಇಷ್ಟು ಹಗುರ ಸಾಮಾನಿನಲ್ಲಿ ಅಕ್ಕನ ದನಿ ಹಿಡಿಯುವುದೆಂದರೆ ಕರ್ಚೀಪಿನಲ್ಲಿ ಆನೆಗೆ ಅಂಗಿ ಹೊಲಿದಂತೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳುವ ಅಭ್ಯಾಸವಿಲ್ಲದ್ದರಿಂದ ತಲೆಯಾಡಿಸಿದ.

'ಈ ಮೈಕ್‌ಗೆ ಕರೆಂಟ್ ಬೇಕು, ನಲವತ್ತೆಂಟು ವೋಲ್ಟಿನ ಈ ಗುಂಡಿ ಒತ್ತಿ. ತುಂಬ ಸೂಕ್ಷ್ಮ, ತಟ್ಟಬೇಡಿ, ಊದಬೇಡಿ. ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾ ಇರಿ. ಇದು ದನಿ ಏರಿಸೋ ಇಳಿಸೋ ತಿರುಗಣೆ, ಸುತ್ತ ಬಳೆ ಥರ ಬೆಳಕು ಬರುತ್ತೆ, ನೋಡ್ಕೊಳ್ಳಿ. ನಿಮ್ಮದೇ ಕಸುಬು, ನಿಮಗೆ ನಾನೇನು ಹೇಳೋದು' ಎಂದು ಡಾಕ್ಟರಮ್ಮ ನಕ್ಕರು. ಹಲೋಚೆಕ್ ಮತ್ತೆ ತಲೆಯಾಡಿಸಿದ. ಬಳೆ ಯಾವ ಬಣ್ಣದಲ್ಲಿರಬೇಕು ಎಂದು ಅವರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಆ ದಿನ ಬೆಳಿಗ್ಗೆ ಗಿರಣಿಯ ಬೆಲ್ಟು ಕಳಚಿಟ್ಟರು. ಹಿಂದಿನ ಕೋಣೆಯಲ್ಲಿ ಗೋಧಿ ಮೂಟೆಗಳನ್ನು ಸೂರಿನ ತನಕ ಒಟ್ಟಿದ್ದರು. ಚಪ್ಪಾಳೆ ತಟ್ಟಿ ನೋಡಿದರೆ ಸದ್ದು ಅಲ್ಲೇ ಸತ್ತು ಬಿತ್ತು. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಎಲ್ಲಿ? ಹಲೋಚೆಕ್ ಫ್ಯಾನು ನಿಲ್ಲಿಸಿದ, ಬಾಗಿಲಿಗೆ ಕಂಬಳಿ ಕಟ್ಟಿದ, ಮೈಕನ್ನು ಸ್ಟ್ಯಾಂಡಿಗೇರಿಸಿದ. ಲ್ಯಾಪ್‌ಟಾಪು ಮೊದಲು ಡಬ್ಬಿಯನ್ನು ಬಿಟ್ಟು ತನ್ನೊಳಗಿನ ಪುಟ್ಟ ಮೈಕೆಂಬ ಕಿವಿಯಿಂದಲೇ ಕೇಳುತ್ತ ಕೂತಿತ್ತು. ಅದಕ್ಕೆ ಡಬ್ಬಿಯನ್ನು ಆರಿಸಿಕೊಡುವಷ್ಟರಲ್ಲಿ ಅವನ ಅಂಗಿ ಬೆನ್ನಿಗಂಟಿತ್ತು.

ಆಮೇಲೆ ನಲವತ್ತೆಂಟು ವೋಲ್ಟು. ಹಿಂದೊಮ್ಮೆ ಅವನ ಮೈಕಿಗೆ ತುಟಿ ತಾಗಿಸಿದ ಒಬ್ಬ ಭಾಷಣಕಾರ ಶಾಕ್ ಹೊಡೆದು 'ಬಂಧುಗಳೇ' ಎಂಬಲ್ಲೇ ಭಾಷಣ ಮುಗಿಸಿದ್ದ. ಅಕ್ಕನ ಬಾಯಿಯ ಮುಂದೆ ಕರೆಂಟು ಇಡುವುದೇ? ಅವನು ಗುಂಡಿ ಒತ್ತಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ತನ್ನ ತುಟಿಯನ್ನೇ ಮೈಕಿಗೆ ತಾಗಿಸಿದ.

'ಏನೋ ಅದು, ಮುತ್ತು ಕೊಡ್ತಿದ್ದೀಯಾ?' ಎಂದಳು ಅಕ್ಕ.

ಏನೂ ಆಗಲಿಲ್ಲ. ಜೀವ ಉಳಿದ ಸಂತೋಷದಲ್ಲಿ ಹೆಡ್‌ಫೋನ್ ಏರಿಸಿಕೊಂಡ. ಕೈ ತಾನಾಗಿ ಮೇಲೆದ್ದು ಎರಡು ತಟ್ಟಿತು, ಬಾಯಿ 'ಉಫ್' ಎಂದಿತು. ಎರಡೂ ಕಿವಿಯಲ್ಲಿ ಏಕಕಾಲಕ್ಕೆ ಬಂಡೆ ಸಿಡಿಯಿತು. ಅವನು ಹೆಡ್‌ಫೋನನ್ನು ಹಾವಿನಂತೆ ಕಿತ್ತೆಸೆದ. ಆಮೇಲೆ ಅದನ್ನು ಎತ್ತಿ ಕೊರಳಿಗೆ ಹಾಕಿಕೊಂಡನೇ ಹೊರತು ಕಿವಿಯ ಹತ್ತಿರ ಬಿಡಲಿಲ್ಲ. ಕಣ್ಣಿದೆಯಲ್ಲ, ದೀಪ ನೋಡಿಕೊಂಡರಾಯಿತು.

ದೀಪದ ವಿಷಯದಲ್ಲಿ ಅವನಿಗೆ ಒಂದೇ ಶಾಸ್ತ್ರ ಗೊತ್ತು. ಅವನ ಹಳೆಯ ಆಂಪ್ಲಿಫೈಯರಿನ ಮೂತಿಯಲ್ಲಿ ಒಂದು ಕೆಂಪು ಬಲ್ಬಿತ್ತು. ಕೆಂಪು ಉರಿದರೆ ಯಂತ್ರಕ್ಕೆ ಜೀವ ಇದೆ, ಆರಿದರೆ ಹೆಣ. ಆ ಕೆಂಪನ್ನು ನೋಡಿಕೊಂಡೇ ಅವನು ತಲೆ ನರೆಸಿಕೊಂಡವನು. ಅಕ್ಕ ಮೊದಲ ವಾಕ್ಯ ಓದಿದಾಗ ಡಬ್ಬಿಯ ಬಳೆ ಹಸಿರಾಯಿತು. ಎಲೆಕೋಸಿನ ಬಣ್ಣ, ಅದರಲ್ಲೇನು ಶಕ್ತಿ? ತಿರುಗಣೆ ತಿರುವಿದ. ಕಿತ್ತಳೆ. ಇನ್ನೂ ತಿರುವಿದ. ಕೆಂಪು! ಅಕ್ಕನ ಒಂದೊಂದು ಮಾತಿಗೂ ಬಳೆ ನಿಗಿನಿಗಿ ಕೆಂಡವಾಗತೊಡಗಿತು. ಹಲೋಚೆಕ್ ಎದೆ ಉಬ್ಬಿಸಿ ಕೈಸನ್ನೆ ಮಾಡಿದ: ಓದು.

ಅಕ್ಕ ಓದಿದಳು, ಅವಳಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. 'ಹೊರಗೆ ಗಾಳಿ ತಣ್ಣಗಿದೆ' ಎಂಬ ವಾಕ್ಯವನ್ನು ಬೆಂಕಿ ಬಿದ್ದ ಸುದ್ದಿಯಂತೆ ಕೂಗಿದಳು. 'ಮಗು ನಿದ್ದೆ ಮಾಡುತ್ತಿದೆ' ಎಂದಾಗ ಬೀದಿಯ ನಾಯಿ ಎದ್ದು ಬೊಗಳಿತು, ಮತ್ತೆ ಓದಬೇಕಾಯಿತು. ನಡುನಡುವೆ ಬಿಸಿನೀರು ಕುಡಿದಳು, ಕುತ್ತಿಗೆ ಹಿಡಿದುಕೊಂಡಳು, ಬಿಡಲಿಲ್ಲ. ಊಟದ ಹೊತ್ತಿಗೆ ದನಿಯ ಅಂಚು ಹರಿಯತೊಡಗಿತ್ತು.

'ಅರ್ಧ ಮುಗೀತೋ ಮೂಗಾ?'

ಅವನು ಹೂಂ ಎಂದ. ಅಷ್ಟು ಹೊತ್ತು ಮಾಡಿದ್ದನ್ನು ಡಾಕ್ಟರಮ್ಮನಿಗೆ ಕಳಿಸಿದ. ಅಕ್ಕ ಗಂಜಿ ಕುಡಿಯುತ್ತಿದ್ದಾಗ ಮೊಬೈಲು ಬಡಿದುಕೊಂಡಿತು. ಅವನು ಕಂಬಳಿಯಾಚೆ ಹೋಗಿ ಎತ್ತಿದ.

'ಏನು ಮಾಡಿದ್ದೀರಿ? ಎಲ್ಲಾ ಒಡೆದುಹೋಗಿದೆಯಲ್ಲ! ಬಳೆ ಯಾವ ಬಣ್ಣ ಇತ್ತು?'

'ಕೆಂಪು' ಎಂದ, ಹೆಮ್ಮೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

'ಕೆಂಪು ಅಂದ್ರೆ ದನಿ ಮಿತಿ ಮೀರಿ ಹರಿದುಹೋಗ್ತಿದೆ ಅಂತ. ಹಸಿರಲ್ಲೇ ಇರಬೇಕಿತ್ತು. ಇದನ್ನ ಸರಿ ಮಾಡೋಕಾಗಲ್ಲ. ಒಂದು ವಾಕ್ಯನೂ ಉಪಯೋಗಕ್ಕೆ ಬರಲ್ಲ. ಅಕ್ಕ ಮತ್ತೆ ಓದ್ತಾರಾ?'

ಹೆಡ್‌ಫೋನನ್ನು ಆಗ ಮೊಬೈಲಿಗೆ ಸಿಕ್ಕಿಸಿ, ಕಿವಿಗಿಟ್ಟು, ಕಳಿಸಿದ್ದನ್ನು ಕೇಳಿದ. ಸಿಮೆಂಟಿನ ಮೇಲೆ ಯಾರೋ ತಗಡು ಎಳೆಯುತ್ತಿದ್ದರು. ತಗಡಿನೊಳಗೆಲ್ಲೋ ಅಕ್ಕ ಇದ್ದಳು. ಬೆಳಗಿನ ದನಿಯನ್ನು ಅವಳು ಅವನ ಕೈಗೆ ಕೊಟ್ಟಿದ್ದಳು, ಅವನು ಅದನ್ನು ಸುಟ್ಟು ಬೂದಿ ಮಾಡಿದ್ದ. ಹೊಸ್ತಿಲ ಮೇಲೆ ಕುಕ್ಕರಿಸಿದ. ಓಡಿಹೋಗೋಣ ಎನ್ನಿಸಿತು. ಆಂಪ್ಲಿಫೈಯರ್ ಬಿಟ್ಟು ಹೋಗಲಾರೆ, ಅದನ್ನು ಎತ್ತಿಕೊಂಡು ಓಡಲಾರೆ ಎಂಬುದೂ ಆ ಸಂಕಟದ ನಡುವೆ ಹೊಳೆಯಿತು. ಎದ್ದು ಒಳಗೆ ಹೋದ.

'ಅಕ್ಕಾ. ಎಲ್ಲಾ ಹಾಳು ಮಾಡಿಬಿಟ್ಟೆ. ಕೆಂಪು ಇರಬಾರದಿತ್ತಂತೆ.'

ಅವಳು ಬಯ್ಯಲಿ ಎಂದು ಕಣ್ಣು ಮುಚ್ಚಿ ನಿಂತ. ಬೈಗುಳದಲ್ಲಿ ಅವಳದು ಏಳು ಕೆರೆ ನೀರು ಕುಡಿದ ಅನುಭವ. ಆದರೆ ಏನೂ ಬರಲಿಲ್ಲ. ಕಣ್ಣು ತೆರೆದರೆ ಅವಳು ಗಂಜಿಯ ಲೋಟವನ್ನು ನೆಲಕ್ಕಿಟ್ಟು, ಮೂಟೆಗೆ ಒರಗಿ, ಗೋಡೆ ನೋಡುತ್ತಿದ್ದಳು. ಅವನು ಹುಟ್ಟಿದಾಗಿನಿಂದ ಇಂಥ ಸದ್ದಿಲ್ಲದ ಅಕ್ಕನನ್ನು ಕಂಡಿರಲಿಲ್ಲ. ನಾಳೆಯಿಂದ ಇದೇ.

'ಬಿಡು' ಎಂದಳು ಕೊನೆಗೆ. ದನಿ ಜಲ್ಲಿಯಾಗಿತ್ತು. 'ಇನ್ನು ಕೂಗೋಕೆ ಆಗಲ್ಲ ನನ್ನ ಕೈಲಿ. ಆ ಬೆಣ್ಣೆಬೊಂಬೇನೇ ಮಾತಾಡಲಿ.'

ಹಲೋಚೆಕ್ ತಿರುಗಣೆ ಹಿಂದಕ್ಕೆ ತಿರುಗಿಸಿದ. ಕೊರಳಿನ ಹೆಡ್‌ಫೋನ್ ತೆಗೆದು, ಮತ್ತೆ ಡಬ್ಬಿಗೆ ಸಿಕ್ಕಿಸಿ, ಅಕ್ಕನ ಕಿವಿಗೆ ಏರಿಸಿದ. ಅವಳು ತಲೆ ಕೊಡವಿದಳು, ಅವನು ಬಿಡಲಿಲ್ಲ. ಮೈಕಿನ ಹತ್ತಿರ ಬಾಗಿದ. ತಟ್ಟಲಿಲ್ಲ, ಊದಲಿಲ್ಲ, ಚೆಕ್ ಎನ್ನಲಿಲ್ಲ. ಪಿಸುಗುಟ್ಟಿದ:

'ಅಕ್ಕಾ, ಕೂಗಬೇಡ. ನಾನು ಇಲ್ಲೇ ಇದ್ದೀನಿ.'

ಬಳೆ ಹಸಿರಾಯಿತು. ಅಕ್ಕ ಬೆಚ್ಚಿದಳು. ಗಿರಣಿಯ ಸದ್ದು ಅವಳ ಕಿವಿಯನ್ನು ಎಂದೋ ಅರೆದುಹಾಕಿತ್ತು. ಪಿಸುಮಾತೊಂದು ಅವಳಿಗೆ ತಲುಪದೆ ಎಷ್ಟು ವರ್ಷವಾಗಿತ್ತೋ.

'ಮೂಗಾ, ನಿನ್ನ ದನಿ ಹೀಗಿದೆಯೇನೋ?' ಎಂದಳು, ಅವನು ಪಿಸುಗುಟ್ಟಿದ್ದಕ್ಕೆ ತಾನೂ ಪಿಸುಗುಟ್ಟಿಯೇ. 'ಇಷ್ಟು ಚೆನ್ನಾಗಿಟ್ಕೊಂಡು ಬಚ್ಚಿಟ್ಟಿದ್ದೆಯಾ, ಜಿಪುಣ!'

ಹೇಳಿದವಳೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತನ್ನ ಪಿಸುಮಾತೂ ಅವಳ ಕಿವಿಗೆ ಬಿದ್ದಿತ್ತು: ಮೆತ್ತಗೆ, ಹತ್ತಿರದಿಂದ, ಜಲ್ಲಿಯ ಕೆಳಗೆ ಹರಿಯುವ ನೀರಿನಂತೆ. ಕೂಗಿದರೆ ಹರಿಯುತ್ತಿದ್ದ ದನಿ ಮೆಲ್ಲಗೆ ಆಡಿದರೆ ನಿಲ್ಲುತ್ತಿತ್ತು.

'ಇದು ನಾನಾ?'

'ಹೂಂ.'

'ಥೂ, ಒಳ್ಳೆಯವಳ ಥರ ಇದೆಯಲ್ಲೋ.'

ಅವಳು ಮೈಕಿನ ಮುಂದೆ ಸರಿದು ಕೂತಳು. 'ಹೊರಗೆ ಗಾಳಿ ತಣ್ಣಗಿದೆ' ಎಂದಳು. ಈ ಸಲ ನಿಜವಾಗಿಯೂ ತಣ್ಣಗಿತ್ತು. ಹಲೋಚೆಕ್ ತಿರುಗಣೆಯ ಮೇಲೆ ಎರಡು ಬೆರಳಿಟ್ಟು, ಬಳೆಯಿಂದ ಕಣ್ಣು ಕೀಳದೆ, ನವಿಲಿನ ಮೊಟ್ಟೆ ಕಾಯುವವನಂತೆ ಕೂತ. ಕೆಮ್ಮು ಬಂದಾಗ ನಿಲ್ಲಿಸಿದರು, ನೀರು ಕುಡಿದರು, ಬಿಟ್ಟಲ್ಲಿಂದ ಹಿಡಿದರು. ಯಾರೋ ಗಿರಣಿಯ ಬಾಗಿಲು ದಬದಬ ಬಡಿದರು. ಇಬ್ಬರೂ ಉಸಿರು ಹಿಡಿದು, ಹೋಗುವ ತನಕ ಕಾದರು. ಕಿಟಕಿಯ ಬಿಸಿಲು ಮೂಟೆಯಿಂದ ಮೂಟೆಗೆ ಏರಿ ಸೂರು ಮುಟ್ಟಿತು. ಕೊನೆಯ ವಾಕ್ಯದ ಕೊನೆಯ ಪದ ಬರಿಯ ಉಸಿರಾಗಿತ್ತು. ಬಳೆ ಹಸಿರಾಗಿ ಮಿನುಗಿ ಆರಿತು.

ಡಾಕ್ಟರಮ್ಮನ ಉತ್ತರ ಬರುವ ತನಕ ಇಬ್ಬರೂ ಮೊಬೈಲನ್ನೇ ನೋಡುತ್ತ ಕೂತಿದ್ದರು. 'ಚೆನ್ನಾಗಿದೆ, ಇಷ್ಟು ಸಾಕು.'

ಹಣ್ಣೆಲೆ ಉದುರುವ ಕಾಲಕ್ಕೆ ಗಿರಣಿ ಮತ್ತೆ ತೆರೆಯಿತು. ಅಕ್ಕ ಕೊರಳಿಗೆ ತೆಳು ಬಟ್ಟೆ ಸುತ್ತಿಕೊಂಡು ತನ್ನ ಸ್ಟೂಲಿನಲ್ಲಿ ಕೂತಳು. ಬೆಲ್ಟು ಬಡಿಯಿತು, ಕಲ್ಲು ಗುಡುಗಿತು. ಒಬ್ಬ ದಡೂತಿ ಗಿರಾಕಿ ಸಾಲು ತಪ್ಪಿಸಿ ತನ್ನ ನೀಲಿ ಚೀಲ ಮುಂದೆ ತಳ್ಳಿದ. ಅಕ್ಕ ಮೊಬೈಲಿನಲ್ಲಿ ಟಕಟಕನೆ ಟೈಪು ಮಾಡಿ ಎತ್ತಿ ಹಿಡಿದಳು. ಅದು ಅವಳದೇ ದನಿಯಲ್ಲಿ, ಮೆತ್ತಗೆ, ಒಳ್ಳೆಯವಳ ಥರ ಏನೋ ಹೇಳಿತು. ಗಿರಣಿಯ ಸದ್ದಿನಲ್ಲಿ ಅದು ಇರುವೆಯ ಸೀನಿನಷ್ಟೂ ಕೇಳಲಿಲ್ಲ. ಗಿರಾಕಿ ಚೀಲವನ್ನು ಇನ್ನಷ್ಟು ತಳ್ಳಿದ.

ಅಕ್ಕ ತಮ್ಮನ ಕಡೆ ತಿರುಗಿದಳು. ಆ ನೋಟಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಹಲೋಚೆಕ್ ಎದ್ದು ಓಡಿದ.

ಇನ್ನೊಬ್ಬನನ್ನು ಹಿಡಿದುಕೊಂಡು ಆಂಪ್ಲಿಫೈಯರ್ ಹೊತ್ತು ತಂದ. ಗಿರಣಿಯ ಸೂರಿಗೆ ತನ್ನ ಅತಿ ದೊಡ್ಡ ಹಾರ್ನು ಕಟ್ಟಿದ. ಮೊಬೈಲಿಗೆ ವೈರು ಚುಚ್ಚಿ ಸ್ವಿಚ್ಚು ಹಾಕಿದ. ಹಳೆಯ ಕೆಂಪು ಬಲ್ಬು ಕಣ್ಣು ಬಿಟ್ಟಿತು. ಕೈ ತಡೆಯಲಿಲ್ಲ, ಮೊಬೈಲಿನ ನೆತ್ತಿಗೆ ಎರಡು ತಟ್ಟಿ 'ಉಫ್' ಎಂದ, 'ಹಲೋ, ಚೆ...'

ಅಷ್ಟರಲ್ಲಿ ಅಕ್ಕನ ಬೆರಳು ಟಕಟಕಿಸಿತ್ತು, ಹಾರ್ನು ಅವಳ ದನಿಯಲ್ಲಿ ಬಾಯಿ ತೆರೆಯಿತು. ಎರಡು ಬೀದಿಯಾಚೆ ಒಬ್ಬ ನಿಂತು ತಿರುಗಿ ನೋಡಿದ.

'ಚೆಕ್ ಮಾಡಿದ್ದು ಸಾಕು, ಪಕ್ಕಕ್ಕೆ ನಿಲ್ಲೋ ಮೂಗಾ. ಆ ನೀಲಿ ಚೀಲ ಯಾರದ್ರೀ? ಹಿಂದೆ ಹೋಗಿ!'